ಸ್ಪಷ್ಟನೆ: ಇಇಜಿ ಚಿತ್ರದ ಗೆರೆಗಳು ಮಿದುಳಿನ ತಂತಿಗಳಲ್ಲ

ತಲೆಯ ಮೇಲೆ ಎಲೆಕ್ಟ್ರೋಡ್ ಎಂಬ ಪುಟ್ಟ ಬಿಲ್ಲೆಗಳನ್ನು ಅಂಟಿಸಿ ಮಿದುಳಿನ ವಿದ್ಯುತ್ತು ದಾಖಲಿಸುವ ಪರೀಕ್ಷೆಯೇ ಇಇಜಿ. ಅದರ ಚಿತ್ರವೊಂದು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ‘ಎರಡು ಎಲೆಕ್ಟ್ರೋಡ್‌ಗಳ ಅಲೆ ಒಟ್ಟಿಗೆ ಏರಿಳಿದರೆ, ಅವುಗಳ ಕೆಳಗಿನ ಮಿದುಳಿನ ಭಾಗಗಳು ಮಾತಾಡಿಕೊಳ್ಳುತ್ತಿವೆ’ ಎಂದು ಅದರಲ್ಲಿ ಬರೆದಿದೆ. ಅಷ್ಟರಿಂದಲೇ ಹಾಗೆ ಹೇಳಲು ಬರುವುದಿಲ್ಲ. ಇದನ್ನು ನಂಬಿ ಅಪ್ಪ ಅಮ್ಮಂದಿರು ಮಕ್ಕಳ ಬಗ್ಗೆ ಸುಮ್ನೆ ಹೆದರಬಾರದು ಅಂತ ಬರೆಯುತ್ತಿದ್ದೇನೆ.

ಕಣ್ಣು ಮುಚ್ಚಿ ಕೂತವರ ಇಇಜಿ ನೋಡಿ. ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ ಸುಮಾರು 10 ಸಲ ಏರಿಳಿಯುವ ಆಲ್ಫಾ ಅಲೆ ಕಾಣುತ್ತದೆ. ಅದರ ವಿದ್ಯುತ್ತು ತಲೆಬುರುಡೆ, ಚರ್ಮ ದಾಟುವಾಗ ಹರಡಿಕೊಳ್ಳುತ್ತದೆ. ಹಾಗಾಗಿ ಒಂದೇ ಅಲೆ ಹಲವು ಎಲೆಕ್ಟ್ರೋಡ್‌ಗಳಲ್ಲಿ ಅದೇ ಕ್ಷಣ ಸಿಗುತ್ತದೆ. ಒಬ್ಬರ ಹಾಡು ಎರಡು ಫೋನಲ್ಲಿ ರೆಕಾರ್ಡ್ ಆದರೆ ಫೋನುಗಳು ಮಾತಾಡಿಕೊಂಡವು ಅನ್ನೋಕಾಗಲ್ಲ, ಅಲ್ವಾ? ಉಳಿದವನ್ನೆಲ್ಲ ಯಾವುದಕ್ಕೆ ಹೋಲಿಸಿ ಅಳೆಯುತ್ತಾರೋ ಆ ರೆಫರೆನ್ಸ್ ಎಲೆಕ್ಟ್ರೋಡ್‌ನ ಏರಿಳಿತವೂ ಎಲ್ಲ ಕಡೆ ಸೇರಿಕೊಳ್ಳುತ್ತದೆ.

ನರಗಳಲ್ಲಿ ಸಂಕೇತ ಸಾಗಲು ಕೆಲವು ಮಿಲಿಸೆಕೆಂಡ್ ಬೇಕು. ಈ ತಡವನ್ನೇ ಹಿಡಿದು ಸಂಶೋಧಕ ಗೀಡೋ ನೋಲ್ಟೆ ಮತ್ತು ಸಂಗಡಿಗರು 2004ರಲ್ಲಿ ನಿಜವಾದ ಸಂಪರ್ಕ ಗುರುತಿಸಲು ಒಂದು ಲೆಕ್ಕದ ದಾರಿ ತೋರಿಸಿದರು. ತಡವಿಲ್ಲದೆ ಬಂದ ಹೋಲಿಕೆ ಆ ಲೆಕ್ಕದಲ್ಲಿ ಸೊನ್ನೆಯಾಗುತ್ತದೆ. ಅದಕ್ಕೂ ಮಿತಿಯಿದೆ. ಒಂದೇ ಕ್ಷಣದಲ್ಲಿ ನಡೆಯುವ ನಿಜವಾದ ಹೊಂದಾಣಿಕೆಯೂ ಬಿಟ್ಟುಹೋಗುತ್ತದೆ. ಥಾಲಮಸ್‌ನಂಥ (ಮಿದುಳಿನ ಒಳಗಿದ್ದು ಸಂಕೇತ ದಾಟಿಸುವ ಭಾಗ) ಮೂರನೇ ಭಾಗ ಆ ಎರಡೂ ಭಾಗಗಳಿಗೆ ಸಂಕೇತ ಕಳಿಸುತ್ತಿದ್ದರೆ, ಇಲ್ಲದ ನೇರ ಸಂಪರ್ಕ ಇದ್ದಂತೆ ಕಾಣಬಹುದು.