ಅಚ್ಚರಿಪಡದ ವೈದ್ಯರ ಸಹಿ

ಸಾವು ಹೇಳಿ ಕೇಳಿ ಬರುವುದಿಲ್ಲ ಎಂಬ ಮಾತನ್ನು ಹುಟ್ಟುಹಾಕಿದವರು ಬ್ರಿಟನ್ನಿನ ಕೆಲಸ ಮತ್ತು ಪಿಂಚಣಿ ಇಲಾಖೆಯ ಮೆಟ್ಟಿಲು ಹತ್ತಿದವರಲ್ಲ. ಆ ದೇಶದಲ್ಲಿ 1990ರಿಂದಲೂ ಸಾವು ತನ್ನ ಅವಧಿಯನ್ನು ಮೊದಲೇ ತಿಳಿಸಿ, ನಮೂನೆಯ ಮೇಲೆ ವೈದ್ಯರ ಸಹಿ ಹಾಕಿಸಿಕೊಂಡು, ಆಮೇಲೆ ಬರತಕ್ಕದ್ದು. ಉಲ್ಬಣಿಸುತ್ತಲೇ ಹೋಗುವ ಕಾಯಿಲೆಯಿಂದ ಆರು ತಿಂಗಳೊಳಗೆ ಮರಣ ಸಂಭವಿಸಬಹುದೆಂದು ನಿರೀಕ್ಷಿಸಲು ಸಕಾರಣವಿದ್ದರೆ ಅಂಥ ರೋಗಿಗೆ ‘ವಿಶೇಷ ನಿಯಮ’ದಡಿ ಭತ್ಯೆ ಬೇಗ ಸಿಗುತ್ತಿತ್ತು, ಸಂದರ್ಶನವಿಲ್ಲ, ಅರ್ಹತೆಗಾಗಿ ತಿಂಗಳುಗಟ್ಟಲೆ ಕಾಯಬೇಕಿಲ್ಲ, ದೈನಂದಿನ ಆರೈಕೆಗೆ ಗರಿಷ್ಠ ದರ. ಏಳನೆಯ ತಿಂಗಳಿನಲ್ಲಿ ಸಾಯಲು ಹೊರಟವರು ಮಾತ್ರ ಉಳಿದವರ ಸಾಲಿನಲ್ಲಿ ನಿಂತು, ಅಡುಗೆ ಮಾಡಿಕೊಳ್ಳಲು, ಸ್ನಾನ ಮಾಡಲು, ಅಂಗಿ ತೊಡಲು ತಮಗೆ ಎಷ್ಟು ಕಷ್ಟವಾಗುತ್ತದೆ ಎಂಬುದನ್ನು ಅಂಕಗಳ ಲೆಕ್ಕದಲ್ಲಿ ಸಾಬೀತುಪಡಿಸಬೇಕಿತ್ತು.

ಇದಕ್ಕೆ ನಿಯಮವನ್ನು ದೂರುವುದು ತರವಲ್ಲ, ತಪ್ಪೆಲ್ಲ ಕಾಯಿಲೆಗಳದ್ದು. ಕೆಲವು ಕ್ಯಾನ್ಸರ್‌ಗಳು ಕೊನೆಯ ಹಂತದಲ್ಲಾದರೂ ಒಂದು ದಿಕ್ಕು ಹಿಡಿದು ಇಳಿಯುತ್ತವೆ, ಇಲಾಖೆಯ ಮರ್ಯಾದೆ ಉಳಿಸುತ್ತವೆ. ಹೃದಯ ವೈಫಲ್ಯಕ್ಕೆ ಆ ಶಿಸ್ತಿಲ್ಲ. ಅದು ಈ ವಾರ ಆಮ್ಲಜನಕದ ಮುಖವಾಡ ಹಾಕಿಸಿ ಮನೆಯವರನ್ನೆಲ್ಲ ಹಾಸಿಗೆಯ ಸುತ್ತ ಸೇರಿಸುತ್ತದೆ. ಮುಂದಿನ ವಾರ ಅದೇ ರೋಗಿ ದಿಂಬಿಗೆ ಒರಗಿ ಕೂತು ತನ್ನ ಕನ್ನಡಕ ಎಲ್ಲಿ ಎಂದು ಕೇಳುತ್ತಾನೆ. ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನೇ ಕುಂದಿಸುವ ಮೋಟಾರ್ ನ್ಯೂರಾನ್ ಕಾಯಿಲೆಯಂತೂ ನಂಬಿಕೆಗೇ ಅರ್ಹವಲ್ಲ: ಕೆಲವರನ್ನು ವರ್ಷ ತುಂಬುವುದರೊಳಗೆ ಕೊಂಡೊಯ್ಯುವ ಈ ರೋಗ, 1963ರಲ್ಲಿ ಎರಡು ವರ್ಷವಷ್ಟೇ ಎಂದು ವೈದ್ಯರು ಹೇಳಿದ್ದ ಸ್ಟೀಫನ್ ಹಾಕಿಂಗ್ ಅವರನ್ನು 2018ರ ವರೆಗೆ ಬಿಟ್ಟಿತ್ತು. ಕಾಲದ ಸ್ವರೂಪವನ್ನೇ ಅಧ್ಯಯನ ಮಾಡಿದವರು ಗಡುವನ್ನು ಐವತ್ತಕ್ಕೂ ಹೆಚ್ಚು ವರ್ಷ ಮೀರಿದರೆ ನಿಯಮ ರೂಪಿಸಿದವರು ಯಾರಿಗೆ ಮುಖ ತೋರಿಸಬೇಕು?

ಈ ಕುರಿತು ದೂರುಗಳು ಹೆಚ್ಚಾದಾಗ ಸರ್ಕಾರ 2019ರ ಜುಲೈನಲ್ಲಿ ಪರಾಮರ್ಶೆ ಘೋಷಿಸಿತು. ತೀರ್ಮಾನ ಹೊರಬಿದ್ದದ್ದು 2021ರ ಜುಲೈನಲ್ಲಿ. ಅದು ಕಡಿಮೆ ಆದಾಯದವರಿಗೆ ಸಿಗುವ ಯೂನಿವರ್ಸಲ್ ಕ್ರೆಡಿಟ್‌ಗೆ ಅನ್ವಯವಾದದ್ದು 2022ರ ಏಪ್ರಿಲ್‌ನಲ್ಲಿ. ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್ ಎಂಬ ಅಂಗವಿಕಲರ ಭತ್ಯೆಗೆ, ಸಂಸತ್ತಿನಲ್ಲಿ ಕಾಯ್ದೆಯೊಂದನ್ನು ಪಾಸು ಮಾಡಿಸಿಕೊಂಡು, 2023ರ ಏಪ್ರಿಲ್‌ನಲ್ಲಿ. ಆರು ತಿಂಗಳ ಬಗ್ಗೆ ಯೋಚಿಸುವುದಕ್ಕೆ ನಲವತ್ತೈದು ತಿಂಗಳು ಹಿಡಿಯಿತು, ಎಂದರೆ ಏಳು ಸಲ ಆರು ತಿಂಗಳು ಉರುಳಿ ಎಂಟನೆಯದರ ಅರ್ಧ ದಾರಿ ಸವೆದಿತ್ತು. ಅಷ್ಟು ಯೋಚಿಸಿದ ಮೇಲೆ ದೊರೆತ ಪರಿಹಾರವೂ ಅದಕ್ಕೆ ತಕ್ಕುದಾಗಿತ್ತು: ಆರನ್ನು ಹೊಡೆದುಹಾಕಿ ಹನ್ನೆರಡು ಎಂದು ಬರೆದರು.

ಹನ್ನೆರಡು ತಿಂಗಳನ್ನು ವೈದ್ಯರು ಅಳೆಯುವುದು ಹೇಗೆ? ಅದಕ್ಕೂ ಮಾರ್ಗಸೂಚಿಯಿದೆ. ಮುಂದಿನ ಒಂದು ವರ್ಷದಲ್ಲಿ ಈ ರೋಗಿ ತೀರಿಕೊಂಡರೆ ನಿಮಗೆ ಅಚ್ಚರಿಯಾಗುತ್ತದೆಯೇ ಎಂದು ವೈದ್ಯರು ತಮ್ಮನ್ನೇ ಕೇಳಿಕೊಳ್ಳಬೇಕು. ಆಗುವುದಿಲ್ಲ ಎಂದಾದರೆ ಭತ್ಯೆಗೆ ಬೇಕಾದ ಎಸ್‌ಆರ್‌1 ನಮೂನೆಗೆ ಸಹಿ. ಹೀಗಾಗಿ ಒಬ್ಬ ರೋಗಿಯ ಭತ್ಯೆ ಈಗ ರಕ್ತಪರೀಕ್ಷೆಯಷ್ಟೇ ಅವನ ವೈದ್ಯರ ಸ್ವಭಾವವನ್ನೂ ಅವಲಂಬಿಸಿದೆ. ಯಾವುದಕ್ಕೂ ಬೆರಗಾಗದ, ಹುಬ್ಬು ಹಾರಿಸದ, ಮೂವತ್ತು ವರ್ಷ ವಾರ್ಡಿನಲ್ಲಿ ಕಳೆದ ಹಿರಿಯ ವೈದ್ಯರು ಸಿಕ್ಕವರು ಪುಣ್ಯವಂತರು. ಎಲ್ಲದರಲ್ಲೂ ಭರವಸೆ ಕಾಣುವ ಯುವ ವೈದ್ಯೆಯ ಪಾಲಿಗೆ ಬಿದ್ದವರು ಹಣಕ್ಕಾಗಿಯಾದರೂ ಆಕೆಯ ಉತ್ಸಾಹವನ್ನು ತುಸು ಕುಂದಿಸಬೇಕಾದೀತು. (ಅಂದಹಾಗೆ, ರೋಗಿಯ ಪರವಾಗಿ ಬೇರೊಬ್ಬರು, ರೋಗಿಗೇ ತಿಳಿಸದೆ, ಈ ಅರ್ಜಿ ಹಾಕಲು ಅವಕಾಶವಿದೆ. ಇಡೀ ವ್ಯವಹಾರದಲ್ಲಿ ಕರುಣೆ ಸುಳಿದಿರುವ ಜಾಗ ಇದೊಂದೇ, ಆದ್ದರಿಂದ ಇದನ್ನು ಗೇಲಿ ಮಾಡಲು ಮನಸ್ಸಾಗುವುದಿಲ್ಲ.)

ಸ್ಕಾಟ್ಲೆಂಡಿನವರು ತಮ್ಮ 2018ರ ಕಾಯ್ದೆಯಲ್ಲಿ ತಿಂಗಳ ಲೆಕ್ಕವನ್ನೇ ಕೈಬಿಟ್ಟು ಎಲ್ಲವನ್ನೂ ವೈದ್ಯಕೀಯ ವಿವೇಚನೆಗೆ ವಹಿಸಿದರು. ಟ್ವೀಡ್ ನದಿ ಒಂದಿಷ್ಟು ದೂರ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಗಡಿಯಾಗಿ ಹರಿಯುತ್ತದೆ. ಅದರ ಉತ್ತರದ ದಂಡೆಯ ಮೇಲೆ ಮಲಗಿರುವವರು ಮರಣಾಸನ್ನರು, ಅದೇ ಕಾಯಿಲೆಯಿಂದ ದಕ್ಷಿಣದ ದಂಡೆಯ ಮೇಲೆ ಮಲಗಿರುವವರು ಹದಿಮೂರನೆಯ ತಿಂಗಳಿನ ಅನುಮಾನಿತರು. ಅಮೆರಿಕದ್ದು ಇನ್ನೊಂದು ಬಗೆ. ಅಲ್ಲಿ ಸಾಮಾಜಿಕ ಭದ್ರತಾ ವಿಮೆಯ ಅಂಗವೈಕಲ್ಯ ಭತ್ಯೆ ಪಡೆಯಲು, ಮಾರಣಾಂತಿಕ ಕಾಯಿಲೆಯಿದ್ದವರೂ ಮೊದಲು ಪೂರ್ತಿ ಐದು ತಿಂಗಳು ಕಾಯಬೇಕು. ಎಎಲ್‌ಎಸ್ (ಮೋಟಾರ್ ನ್ಯೂರಾನ್ ಕಾಯಿಲೆಯ ಒಂದು ರೂಪ) ರೋಗಿಗಳಿಗೆ ಮಾತ್ರ 2020ರ ಡಿಸೆಂಬರಿನಲ್ಲಿ ಸಹಿಯಾದ ಕಾನೂನು ವಿನಾಯಿತಿ ಕೊಟ್ಟಿತು. ಬ್ರಿಟನ್ ಆರು ತಿಂಗಳೊಳಗೆ ಸಾಯಿ ಎನ್ನುತ್ತಿದ್ದರೆ ಅಮೆರಿಕ ಐದು ತಿಂಗಳು ಸಾಯಬೇಡ ಎನ್ನುತ್ತಿತ್ತು. ಎರಡೂ ಸರ್ಕಾರಗಳನ್ನು ಏಕಕಾಲಕ್ಕೆ ಮೆಚ್ಚಿಸಬಯಸುವ ರೋಗಿಗೆ ಉಳಿಯುತ್ತಿದ್ದದ್ದು ಒಂದೇ ಒಂದು ತಿಂಗಳು.

ಇನ್ನು ಗಡುವು ದಾಟಿಯೂ ಬದುಕಿರುವವರ ಮಾತು. ಬ್ರಿಟನ್ನಿನಲ್ಲಿ ವಿಶೇಷ ನಿಯಮದ ಭತ್ಯೆಯನ್ನು ಸಾಮಾನ್ಯವಾಗಿ ಮೂರು ವರ್ಷಕ್ಕೆ ಮಂಜೂರು ಮಾಡುತ್ತಾರೆ. ಮೂರು ವರ್ಷ ಮುಗಿಯುವ ಹೊತ್ತಿಗೆ ಕಾಗದ ಬರುತ್ತದೆ, ಅದನ್ನು ಒಡೆದು ಓದಲು ಮನೆಯಲ್ಲಿ ವಿಳಾಸದಾರರೇ ಇದ್ದುಬಿಡುತ್ತಾರೆ. ಅವರು ನಡುಗುವ ಕೈಯಲ್ಲಿ ಪೆನ್ನು ಹಿಡಿದು, ಇನ್ನೂ ತಮಗೆ ಅಡುಗೆ ಮಾಡಿಕೊಳ್ಳಲು ಆಗುತ್ತಿಲ್ಲ, ಸ್ನಾನಕ್ಕೆ ಇನ್ನೊಬ್ಬರು ಬೇಕು ಎಂದು ಮೊದಲಿನಿಂದ ಬರೆಯತೊಡಗುತ್ತಾರೆ. ವೈದ್ಯರಿಗೆ ಕಡೆಗೂ ಅಚ್ಚರಿಯಾಗಿದೆ, ಆದರೆ ಆ ಅಚ್ಚರಿಯನ್ನು ನಮೂದಿಸಲು ನಮೂನೆಯಲ್ಲಿ ಜಾಗವಿಲ್ಲ.