ಹಗಲುವೇಷ ಹಾಕಲಾರದ ಲ್ಯಾಪ್‌ಟಾಪ್

ಜೇವರ್ಗಿ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಹೋದ ವಾರ ಅಕ್ಕ ಫೋನ್ ಮಾಡಿ, ಕೊರಳ ಸರ ಅಡವಿಟ್ಟರೆ ಎಷ್ಟು ಸಿಕ್ಕೀತು ಎಂದು ಕೇಳಿದಳು. ನನ್ನ ಎದೆ ಧಸಕ್ಕೆಂದಿತು. ಯಾರಿಗೂ ಏನೂ ಆಗಿರಲಿಲ್ಲ, ಮಗಳಿಗೆ ಹೊಸ ಲ್ಯಾಪ್‌ಟಾಪ್ ಬೇಕಾಗಿತ್ತು. ಹುಡುಗಿ ಕಲಬುರಗಿಯಲ್ಲಿ ಬಿಸಿಎ ಕೊನೆಯ ವರ್ಷ ಓದುತ್ತಿದ್ದಾಳೆ. ಆಂಡ್ರಾಯ್ಡ್ ಆ್ಯಪ್ ಮಾಡುವುದೇ ಅವಳ ಪ್ರಾಜೆಕ್ಟ್. ಆ್ಯಪ್ ಪರೀಕ್ಷಿಸುವ ಎಮ್ಯುಲೇಟರ್ ಎಂಬ ಸಾಫ್ಟ್‌ವೇರ್ ಓಡದಿದ್ದರೆ ಅದು ಆಗದು, 16 ಜಿಬಿ ರ‍್ಯಾಮ್ ಇರುವ ಯಂತ್ರ ತನ್ನಿ ಎಂದು ತರಗತಿಯಲ್ಲಿ ಹೇಳಿದ್ದರಂತೆ.

ಭಾನುವಾರ ಅವಳು ತನ್ನ ಹಳೆಯ 8 ಜಿಬಿ ಲ್ಯಾಪ್‌ಟಾಪ್ ಹೊತ್ತು ನಮ್ಮ ಮನೆಗೆ ಬಂದಳು. 'ನೀವೇ ನೋಡಿ ಮಾಮಾ' ಎಂದು ಎಮ್ಯುಲೇಟರ್ ಚಾಲೂ ಮಾಡಿದಳು. ನಾವು ಚಹಾ ಕುಡಿದೆವು, ನನ್ನ ಹೆಂಡತಿ ಹತ್ತು ರೊಟ್ಟಿ ಬಡಿದು ಮುಗಿಸಿದಳು. ಪರದೆಯ ಮೇಲೆ ಆಂಡ್ರಾಯ್ಡ್ ಎಂಬ ಹೆಸರು ಮಿನುಗುತ್ತಲೇ ಇತ್ತು.

ಎಮ್ಯುಲೇಟರ್ ಎಂದರೆ ಹಗಲುವೇಷ, ಲ್ಯಾಪ್‌ಟಾಪ್ ಫೋನಿನ ವೇಷ ಹಾಕುತ್ತದೆ. ಪ್ರೊಸೆಸರ್ ತಾನೇ ನೇರವಾಗಿ ಪಾತ್ರದ ಮಾತು ಆಡಿದರೆ ಆಟ ರಂಗೇರುತ್ತದೆ. ಪ್ರತಿ ಮಾತನ್ನೂ ಪಕ್ಕದಲ್ಲಿ ನಿಂತ ದುಭಾಷಿ ತಿರುಗಿಸಿ ಹೇಳಬೇಕಾದರೆ ನೋಡುವವರು ಎದ್ದು ಹೋಗುತ್ತಾರೆ. ಇವಳ ಯಂತ್ರದಲ್ಲಿ ದುಭಾಷಿಯದೇ ಆಳ್ವಿಕೆ. ಆನ್ ಮಾಡಿದರೆ ದೋಷದ ಸಂದೇಶ ಬರುತ್ತದೆಂದು, ಯಾವುದೋ ವಿಡಿಯೊ ನೋಡಿ ಪ್ರೊಸೆಸರ್ ನೇರವಾಗಿ ಮಾತಾಡಲು ಬಿಡುವ ವೇಗವರ್ಧನೆಯನ್ನೇ ಆಫ್ ಮಾಡಿಕೊಂಡಿದ್ದಳು! ಆ ಸಂದೇಶ ಹೇಳುತ್ತಿದ್ದುದು ಒಂದೇ ಮಾತು: ಬಯಾಸ್‌ನಲ್ಲಿ (ಯಂತ್ರ ಏಳುವಾಗ ಮೊದಲು ಓಡುವ ಮೂಲ ಸೆಟ್ಟಿಂಗ್‌ಗಳಲ್ಲಿ) ವಿಟಿ-ಎಕ್ಸ್, ಅಂದರೆ ಇಂಥ ವೇಷಕ್ಕೆಂದು ಪ್ರೊಸೆಸರ್‌ನಲ್ಲೇ ಇರುವ ಸೌಲಭ್ಯ, ಮುಚ್ಚಿದೆ. ಅದನ್ನು ಓದಿ ಅರ್ಥ ಹೇಳುವವರು ಅವಳಿಗೆ ಸಿಕ್ಕಿರಲಿಲ್ಲ, ಅಷ್ಟೆ.

ಬಯಾಸ್‌ಗೆ ಹೋಗಿ ಅದನ್ನು ಆನ್ ಮಾಡಿದೆವು. ವಿಂಡೋಸ್‌ನ ಫೀಚರ್‌ಗಳ ಪಟ್ಟಿಯಲ್ಲಿ ಆ ಸೌಲಭ್ಯವನ್ನು ಎಮ್ಯುಲೇಟರ್‌ಗೆ ದಕ್ಕಿಸುವ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಎದುರು ಟಿಕ್ ಹಾಕಿದೆವು. ಹಳೆಯ ವಿಡಿಯೊಗಳೆಲ್ಲ ಇದೇ ಕೆಲಸಕ್ಕೆ ಇಂಟೆಲ್ ಮಾಡಿದ್ದ ಹ್ಯಾಕ್ಸ್‌ಎಂ ಹಾಕಿಕೊಳ್ಳಿ ಎನ್ನುತ್ತವೆ, ಇಂಟೆಲ್ ಅದನ್ನು 2023ರಲ್ಲೇ ಕೈಬಿಟ್ಟಿದೆ. ಲಿನಕ್ಸ್ ಇದ್ದವರಿಗೆ ಅದೇ ಕೆಲಸಕ್ಕೆ ಕೆವಿಎಂ ಇದೆ. ಪ್ಲೇ ಸ್ಟೋರ್ ಇಲ್ಲದ, ಲ್ಯಾಪ್‌ಟಾಪ್‌ನ ಪ್ರೊಸೆಸರ್‌ಗೆ ನೇರವಾಗಿ ಅರ್ಥವಾಗುವ ಎಕ್ಸ್86 ಸಿಸ್ಟಂ ಇಮೇಜ್ (ಎಮ್ಯುಲೇಟರ್ ಓಡಿಸುವ ಆಂಡ್ರಾಯ್ಡ್‌ನ ಪ್ರತಿ) ಆರಿಸಿ, ಚಿಕ್ಕ ಪರದೆಯ ಫೋನು ಮಾಡಿ, ಅದಕ್ಕೆ 2 ಜಿಬಿ ಕೊಟ್ಟು, ಬ್ರೌಸರ್ ಮುಚ್ಚಿಸಿದೆ. ಎರಡನೆಯ ಲೋಟ ಚಹಾ ಆರುವುದರೊಳಗೆ ಫೋನು ಎದ್ದು ಕುಳಿತಿತ್ತು.

ಎಮ್ಯುಲೇಟರ್ ಸಮೇತ ಕೆಲಸ ಮಾಡಲು 16 ಜಿಬಿ ಬೇಕೆಂದು ಗೂಗಲ್ ಕೂಡ ಹೇಳುತ್ತದೆ. ಆ ಶಿಕ್ಷಕರು ಸುಳ್ಳು ಹೇಳಿಲ್ಲ. ಆದರೆ ತೊಗರಿ ಮಾರಿದ ದುಡ್ಡಿನಲ್ಲಿ ಫೀಸು ಕಟ್ಟುವ ಮನೆಗಳಿಗೆ ಆ ಮಾತು ಹೇಳುವ ಮುನ್ನ, ಇರುವ ಯಂತ್ರದ ಮುಂದೆ ಅರ್ಧ ಗಂಟೆ ಕುಳಿತು ನೋಡಬೇಡವೆ? ನನ್ನ ಸಿಟ್ಟು ಇರುವುದು ಅಲ್ಲಿ.

ಇನ್ನೊಂದು ಬಕಾಸುರ ಗ್ರೇಡಲ್, ಬರೆದ ಕೋಡನ್ನು ಆ್ಯಪ್ ಆಗಿ ಕಟ್ಟುವ, ಅಂದರೆ ಬಿಲ್ಡ್ ಮಾಡುವ ಸಾಧನ. ಮೊದಲ ಬಿಲ್ಡ್‌ಗೆ ಬೇಕಾದ ಲೈಬ್ರರಿಗಳನ್ನೆಲ್ಲ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನೆಲ್ಲ, ಅದು ಅಂತರ್ಜಾಲದಿಂದ ಎಳೆದುಕೊಳ್ಳುತ್ತದೆ. ಸಿಸ್ಟಂ ಇಮೇಜ್ ಬೇರೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇರುವ ಹುಡುಗಿಗೆ ಮೊಬೈಲ್ ಹಾಟ್‌ಸ್ಪಾಟ್ ಮಧ್ಯಾಹ್ನದೊಳಗೆ ಬತ್ತಿಹೋಗುತ್ತದೆ. ಇಡೀ ತರಗತಿ ಪ್ರತ್ಯೇಕವಾಗಿ ಇದೇ ಸರಕನ್ನು ಇಳಿಸಿಕೊಳ್ಳುವುದು ಎಂಥ ದಡ್ಡತನ! ಲ್ಯಾಬಿನ ಒಂದು ಯಂತ್ರದಲ್ಲಿ ಒಮ್ಮೆ ಇಳಿಸಿ, ಆಂಡ್ರಾಯ್ಡ್ ಸಾಧನಗಳಿರುವ ಎಸ್‌ಡಿಕೆ ಫೋಲ್ಡರನ್ನೂ, ಇಳಿಸಿದ ಲೈಬ್ರರಿಗಳನ್ನು ಕೂಡಿಟ್ಟ ಗ್ರೇಡಲ್ ಕ್ಯಾಶೆಯನ್ನೂ ಪೆನ್‌ಡ್ರೈವ್‌ನಲ್ಲಿ ಹಂಚಿದರೆ, ಆಮೇಲೆ ಆಫ್‌ಲೈನ್ ಮೋಡ್‌ನಲ್ಲೇ ಬಿಲ್ಡ್ ಮಾಡಬಹುದು. ಹಪ್ಪಳ ಸಂಡಿಗೆಯನ್ನು ಓಣಿಯವರೆಲ್ಲ ಸೇರಿ ಮಾಡುವ ಊರು ನಮ್ಮದು, ಇದೊಂದು ಕಷ್ಟವೆ?

ಅದೂ ಆಗದಿದ್ದರೆ ನಿಜವಾದ ಫೋನೇ ಇದೆಯಲ್ಲ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರನ್ನು ಏಳು ಸಲ ಒತ್ತಿ, ಲ್ಯಾಪ್‌ಟಾಪ್‌ನಿಂದ ಫೋನಿಗೆ ಆ್ಯಪ್ ಹಾಕಿ ಪರೀಕ್ಷಿಸಲು ಬಿಡುವ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಕೇಬಲ್‌ನಿಂದ ಜೋಡಿಸಿದರಾಯಿತು. ಆದರೆ ಆ ಕೇಬಲ್ ಚಾರ್ಜಿಂಗ್‌ಗೆ ಮಾತ್ರ ಆಗುವಂಥದ್ದಾಗಿರಬಾರದು. ಅದು ಗೊತ್ತಾಗದೆ ನಾನೇ ಒಂದು ಸಂಜೆ ಹಾಳು ಮಾಡಿಕೊಂಡಿದ್ದೇನೆ. ಬೇರೆ ಬೇರೆ ಆವೃತ್ತಿ, ಬೇರೆ ಬೇರೆ ಪರದೆ ಪರೀಕ್ಷಿಸಲು ಎಮ್ಯುಲೇಟರ್ ಬೇಕೇ ಬೇಕು, ಒಪ್ಪುತ್ತೇನೆ. ಆದರೆ ನಮ್ಮ ಬೇಸಿಗೆಯ ಬಿಸಿಲನ್ನು ಅದು ತೋರಿಸುವುದಿಲ್ಲ.

ಅಕ್ಕನ ಮಗಳು ಮಾಡುತ್ತಿರುವುದು ಗಂಜ್ ಮಾರುಕಟ್ಟೆಯ ತೊಗರಿ ದರ ಬರೆದಿಟ್ಟುಕೊಳ್ಳುವ ಆ್ಯಪ್. ಭಾವನ ಫೋನಿಗೆ ಹಾಕಿ, ಹೊಲದಲ್ಲಿ ತೆರೆದು ನೋಡಲು ಹೇಳಿದ್ದಳು. ನೆರಳಿನಲ್ಲಿ ಚಂದ ಕಂಡಿದ್ದ ಅವಳ ತಿಳಿ ಬೂದು ಅಕ್ಷರಗಳು ಅಲ್ಲಿ ಮಾಯ. ಸರ ಅಕ್ಕನ ಕೊರಳಲ್ಲೇ ಇದೆ. ಮಗಳು ಈಗ ಅಕ್ಷರಗಳನ್ನು ಕಪ್ಪು ಮಾಡುತ್ತಾ ಕುಳಿತಿದ್ದಾಳೆ.