ಆಕ್ಸಿಜನ್ ಜಾಸ್ತಿ ಬಂತು ಅಂದ ಮಾತ್ರಕ್ಕೆ ಪೆಟ್ರೋಲ್ ಕಡಿಮೆ ಆಗಿದೆ ಅಂತ ಅಲ್ಲ

ಗಾಡಿಯ ಹೊಗೆ ಅಳೆಯುವ ಗ್ಯಾಸ್ ಅನಲೈಸರ್‌ನಲ್ಲಿ ಆಕ್ಸಿಜನ್ ಜಾಸ್ತಿ ತೋರಿಸಿದರೆ ಮಿಕ್ಸ್ಚರ್ ಲೀನ್ ಆಗಿದೆ (ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ), ಪೆಟ್ರೋಲ್ ಏರಿಸಿ ಅನ್ನುವ ಸಲಹೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಅರ್ಧ ಮಾತ್ರ ನಿಜ. ದಯವಿಟ್ಟು ಇದನ್ನೇ ನಂಬಿಕೊಂಡು ಗಿರಾಕಿಯ ಗಾಡಿಗೆ ಕೈ ಹಾಕಬೇಡಿ.

ಹೊರಗಿನ ಗಾಳಿಯಲ್ಲೇ ಸುಮಾರು 21% ಆಕ್ಸಿಜನ್ ಇದೆ, ಅಲ್ವಾ? ಸೈಲೆನ್ಸರ್ ಜಾಯಿಂಟ್‌ನಲ್ಲಿ ಸಣ್ಣ ತೂತಿದ್ದರೂ, ಹೊಗೆ ಎಳೆದುಕೊಳ್ಳುವ ಪ್ರೋಬ್ ಅನ್ನು ಪೈಪಿನ ತುದಿಯಲ್ಲಿ ಸುಮ್ನೆ ಸಿಕ್ಕಿಸಿದ್ದರೂ, ಮೆಷಿನ್‌ನ ಹೋಸ್ ಬಿರುಕು ಬಿಟ್ಟಿದ್ದರೂ ಆ ಗಾಳಿ ಒಳಗೆ ಸೇರಿ ರೀಡಿಂಗ್ ಕೆಡುತ್ತದೆ. ಹಾಗಾಗಿ ಮೊದಲು ಕಾರ್ಬನ್ ಡೈಆಕ್ಸೈಡ್ ನೋಡಿ, ಹೊರಗಿನ ಗಾಳಿ ಬೆರೆತರೆ ಅದು ಇಳಿಯುತ್ತದೆ. ಬಿಸಿಯಾದ, ಸರಿಯಾಗಿ ಓಡುವ ಪೆಟ್ರೋಲ್ ಎಂಜಿನ್‌ನಲ್ಲಿ ಅದು 14-15% ಹತ್ತಿರ ಇರುತ್ತದೆ. ಆಕ್ಸಿಜನ್ ಏರಿ ಇದು 9-10ಕ್ಕೆ ಬಿದ್ದು, ಎಂಜಿನ್ ಮಾತ್ರ ನಯವಾಗಿ ಓಡುತ್ತಿದ್ದರೆ ಮೊದಲು ಲೀಕ್ ಹುಡುಕಿ.

ಎಂಜಿನ್ ನಡುಗುತ್ತಿದೆ, ಎಚ್‌ಸಿ (ಹೈಡ್ರೋಕಾರ್ಬನ್, ಅಂದರೆ ಉರಿಯದೆ ಉಳಿದ ಪೆಟ್ರೋಲ್) ಕೂಡ ಏರಿದೆ ಅಂದರೆ ಮಿಸ್‌ಫೈರ್ ಇರಬಹುದು, ಅಂದರೆ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಉರಿಯದ ಪೆಟ್ರೋಲ್, ಬಳಕೆಯಾಗದ ಆಕ್ಸಿಜನ್ ಎರಡೂ ಹೊರಗೆ ಬರುತ್ತಿರುತ್ತವೆ. ಪ್ಲಗ್, ಕಾಯಿಲ್ ನೋಡದೆ ಪೆಟ್ರೋಲ್ ಏರಿಸಿದರೆ ಅದು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಹೋಗಿ ಉರಿಯುತ್ತದೆ, ಕನ್ವರ್ಟರ್ ಕರಗಿಯೇ ಹೋಗಬಹುದು. ಆ ಖರ್ಚು ಬೀಳುವುದು ಗಿರಾಕಿಯ ತಲೆಗೆ.